4,500 ರೂಪಾಯಿಯ ಬಿಸ್ನೆಸ್ ಇಂಗ್ಲಿಷು: ಕಾಸರಗೋಡಿನ ಸಂಜೆ ಕ್ಲಾಸಿನಲ್ಲಿ ಸಿಕ್ಕಿದ್ದು, ಸಿಗದೆ ಹೋದದ್ದು

ಮೊದಲೇ ಹೇಳಿಬಿಡುತ್ತೇನೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಕೋರ್ಸಿನ ಮೊದಲರ್ಧಕ್ಕೆ ಕಣ್ಣು ಮುಚ್ಚಿ ನಾಲ್ಕೂವರೆ ಸ್ಟಾರ್ ಕೊಡಬಹುದು, ಉಳಿದರ್ಧಕ್ಕೆ ಎರಡು ಕೊಡಲಿಕ್ಕೂ ಕೈ ಬರುವುದಿಲ್ಲ. ಎರಡನ್ನೂ ಕೂಡಿಸಿ ಭಾಗಿಸಿ ಮೂರು ಚಿಲ್ಲರೆ ಎಂದು ಹಾಕಿದರೆ ಓದುವವರಿಗೆ ಎಂತದೂ ಗೊತ್ತಾಗಲಿಕ್ಕಿಲ್ಲ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಜಾಗ ಕಾಸರಗೋಡು ಪೇಟೆ. ಹೊಸ ಬಸ್‌ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ಕೆಳಗೆ ಮೊಬೈಲ್ ಅಂಗಡಿ, ಎರಡನೇ ಮಾಳಿಗೆಯಲ್ಲಿ ಕ್ಲಾಸು. ಸಂಸ್ಥೆಯ ಹೆಸರು ಹಾಕುವುದಿಲ್ಲ. ಕೆಳಗೆ ಎರಡು ಮೂರು ದೂರು ಉಂಟು, ಪೇಟೆ ಸಣ್ಣದು, ನಾಳೆ ಅವರೇ ನನ್ನ ಎಣ್ಣೆಯ ಗಿರಾಕಿ ಆದಾರು. ‘ಸೇಲ್ಸ್, ಕಾಸ್ಟ್, ಪ್ರಾಫಿಟ್: ವ್ಯಾಪಾರಿಗಳಿಗೆ ಇಂಗ್ಲಿಷ್’ ಎಂದು ಬೋರ್ಡು ನೋಡಿದವರಿಗೆ ಯಾವುದೆಂದು ಗೊತ್ತಾದೀತು. ವಾರಕ್ಕೆ ಎರಡು ಸಂಜೆ, ಮೂರು ತಿಂಗಳು, ಫೀಸು 4,500.

ನಾನು ಮುಳ್ಳೇರಿಯ ಕಡೆಯವನು. ಸಣ್ಣದೊಂದು ಎಣ್ಣೆ ಮಿಲ್ಲು ಉಂಟು. ಕೊಬ್ಬರಿ ಕ್ರಯಕ್ಕೆ ತೆಗೆದುಕೊಂಡು ಒಣಗಿಸಿ, ಹಿಂಡಿ, ಸೋಸಿ, ಬಾಟಲಿ ತುಂಬಿಸಿ ಮಾರುವುದು. ಶಾಲೆ ಕಲಿತದ್ದು ಕನ್ನಡ ಮೀಡಿಯಮ್ಮಿನಲ್ಲಿ. ಕೆಲಸದವರ ಹತ್ತಿರ ತುಳು, ಪೇಟೆಯಲ್ಲಿ ಮಲಯಾಳ, ಪಂಚಾಯತಿನಲ್ಲಿ ಎದುರಿಗೆ ಕೂತವರ ಮುಖ ನೋಡಿ ಭಾಷೆ. ಇಷ್ಟರಲ್ಲಿ ಚೆರ್ಕಳದಿಂದ ಪುತ್ತೂರಿನ ತನಕ ವ್ಯಾಪಾರ ಸುಖವಾಗಿ ನಡೆಯುತ್ತಿತ್ತು. ಬೆಂಗಳೂರಿನ ದೊಡ್ಡ ಅಂಗಡಿಯವರ ಪರ್ಚೇಸ್ ವಿಭಾಗದಿಂದ ಒಂದು ಫೋನು ಬಂತು ನೋಡಿ, ಆಮೇಲೆ ಈ ಮೂರು ಭಾಷೆ ಸಾಲಲಿಲ್ಲ. ಆಚೆಯವರು ಕನ್ನಡದವರೇ. ಆದರೆ ಕ್ರಯದ ವಿಷಯ ಬಂದ ಕೂಡಲೇ ಇಂಗ್ಲಿಷಿಗೆ ಹಾರುತ್ತಾರೆ. ಲ್ಯಾಂಡೆಡ್ ಕಾಸ್ಟ್ (ಮಾಲು ಅವರ ಬಾಗಿಲಿಗೆ ಮುಟ್ಟುವ ತನಕದ ಖರ್ಚು) ಎಷ್ಟು, ನಿಮ್ಮ ಮಾರ್ಜಿನ್ ಸ್ಟ್ರಕ್ಚರ್ ಎಂತ, ಕ್ರೆಡಿಟ್ ಟರ್ಮ್ಸ್ ಏನು. ನಾವು ಊರಿನಲ್ಲಿ ದಿನಾ ಮಾಡುವ ಲೆಕ್ಕವೇ ಇದು, ಆದರೆ ಅವರ ಮಾತಿನಲ್ಲಿ ಉತ್ತರ ಕೊಡದಿದ್ದರೆ ನಮ್ಮನ್ನು ಕೇಳುವ ರೀತಿಯೇ ಬದಲಾಗುತ್ತದೆ.

ಟೀಚರು ಪಯ್ಯನ್ನೂರು ಕಡೆಯವರು. ಶಾರ್ಜಾದಲ್ಲಿ ಬಹಳ ವರ್ಷ ಒಂದು ಟ್ರೇಡಿಂಗ್ ಕಂಪೆನಿಯ ಅಕೌಂಟ್ಸ್ ನೋಡಿದವರಂತೆ. ಅದು ಮೊದಲ ವಾರದಲ್ಲೇ ಕಾಣುತ್ತದೆ. ವ್ಯಾಕರಣ ಕಲಿಸುವವರ ಹಾಗೆ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದಿಲ್ಲ. ಮೊದಲು ಬೋರ್ಡಿನಲ್ಲಿ ಒಂದು ಲೆಕ್ಕ ಹಾಕುತ್ತಾರೆ, ಲೆಕ್ಕ ಬಿಡಿಸುವಾಗ ಬೇಕಾಗುವ ಮಾತನ್ನು ಅಲ್ಲೇ ಕೊಡುತ್ತಾರೆ. ಈ ಕೋರ್ಸಿನ ಬಂಡವಾಳ ಇರುವುದು ಇಲ್ಲಿ.

ಮಾರ್ಕಪ್ಪು ಮತ್ತು ಮಾರ್ಜಿನ್ನಿನ ಪಾಠ ಒಂದಕ್ಕೇ ಅರ್ಧ ಫೀಸು ಕೊಡಬಹುದು. ಬೋರ್ಡಿನಲ್ಲಿ 320 ಎಂದು ಬರೆದರು. ಇದು ನಿಮ್ಮ ಅಸಲು, 25 ಪರ್ಸೆಂಟ್ ಇಟ್ಟು ಮಾರಿ, ಎಷ್ಟಾಯಿತು? ಇಡೀ ಕ್ಲಾಸು 400 ಎಂದಿತು. ಸರಿ. 320 ಅನ್ನು ಉಜ್ಜಿ ಹಾಕಿ 400 ಮಾತ್ರ ಉಳಿಸಿದರು. ಈಗ ಈ 400ರಲ್ಲಿ ನಿಮ್ಮ ಲಾಭ ಎಷ್ಟು ಪರ್ಸೆಂಟ್? ಕುಂಬಳೆಯ ಬಟ್ಟೆ ಅಂಗಡಿಯವರೊಬ್ಬರು ಎದುರು ಬೆಂಚಿನಿಂದ ಕೂಡಲೇ 25 ಎಂದರು. ಟೀಚರು ಎಂತದೂ ಹೇಳದೆ 400ರ ಮೇಲೆ 80 ಬರೆದು ಗೆರೆ ಎಳೆದರು. 20. ಅಸಲಿನ ಮೇಲೆ ನೋಡಿದರೆ 25, ಅದು ಮಾರ್ಕಪ್ಪು. ಮಾರಿದ ಕ್ರಯದ ಮೇಲೆ ನೋಡಿದರೆ 20, ಅದು ಮಾರ್ಜಿನ್ನು. ಹಣ ಅದೇ 80 ರೂಪಾಯಿ. ಆಮೇಲೆ ಒಂದರ ಕೆಳಗೊಂದು ಬರೆಯುತ್ತಾ ಹೋದರು: 50 ಮಾರ್ಕಪ್ಪಿಗೆ ಮಾರ್ಜಿನ್ನು 33.3, 100ಕ್ಕೆ 50. ಮಾರ್ಕಪ್ಪು 200, 300 ಎಷ್ಟು ಬೇಕಾದರೂ ಹೋಗಬಹುದು, ಮಾರ್ಜಿನ್ನು ಮಾತ್ರ 100 ಮುಟ್ಟುವುದಿಲ್ಲ, ಮುಟ್ಟಬೇಕಾದರೆ ಮಾಲು ಪುಕ್ಕಟೆ ಸಿಗಬೇಕು. ಬಟ್ಟೆ ಅಂಗಡಿಯವರು ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆಗೆದು ತಮ್ಮ 40 ಹಾಕಿ ನೋಡಿದರು. 28.57. ‘ದೇವರೇ, ಸೂರತ್ತಿನವನ ಹತ್ತಿರ ನಲವತ್ತು ಮಾರ್ಜಿನ್ ಎಂದು ಹೇಳಿಕೊಂಡು ಬಂದದ್ದಲ್ಲವಾ ಇಷ್ಟು ಕಾಲ’ ಎಂದು ಮಲಯಾಳದಲ್ಲಿ ಗಟ್ಟಿಯಾಗಿ ನಕ್ಕರು. ಆ ದಿನದ ನಂತರ ಕ್ಲಾಸಿನಲ್ಲಿ ಯಾರು ಪರ್ಸೆಂಟ್ ಎಂದರೂ ಹಿಂದಿನ ಬೆಂಚಿನಿಂದ ‘ಯಾವುದರ ಮೇಲೆ’ ಎಂಬ ಪ್ರಶ್ನೆ ಬರುತ್ತಿತ್ತು.

ಇದರ ಮುಂದುವರಿದ ಭಾಗ ಎಂಆರ್‌ಪಿಯದ್ದು. ನಮ್ಮಂಥ ಬಾಟಲಿ ಮಾರುವವರಿಗೆ ಪ್ರಾಣ ಇರುವುದು ಅದರಲ್ಲಿ. ದೊಡ್ಡ ಅಂಗಡಿಯವರು ‘25 ಆನ್ ಎಂಆರ್‌ಪಿ’ ಎಂದು ಕೇಳುತ್ತಾರೆ. ಕೇಳುವಾಗ ಪಾಪ ಎಷ್ಟು ಮರ್ಯಾದೆಯ ಸಂಖ್ಯೆ. ಬಾಟಲಿಯ ಮೇಲೆ 500 ಅಚ್ಚು ಹಾಕಿದೆ ಎಂದಿಟ್ಟುಕೊಳ್ಳಿ. ಎಂಆರ್‌ಪಿ ಎಂದರೆ ತೆರಿಗೆ ಎಲ್ಲ ಸೇರಿದ ಕ್ರಯ. ಅದರ 25, ಅಂದರೆ 125 ಅಂಗಡಿಗೆ. ನಮಗೆ ಬರುವುದು 375. ಆ 375ರ ಒಳಗೆ 5 ಪರ್ಸೆಂಟ್ ಜಿಎಸ್‌ಟಿ ಕೂತಿದೆ, ತೆಗೆದರೆ 357 ರೂಪಾಯಿ 14 ಪೈಸೆ. ಅಸಲು 320 ಹೋದರೆ ಕೈಯಲ್ಲಿ 37. ಇದು ಗ್ರಾಸ್ ಮಾರ್ಜಿನ್ನು, 10 ಪರ್ಸೆಂಟಿನ ಆಸುಪಾಸು. ಲಾರಿ ಬಾಡಿಗೆ, ಸೋರಿದ ಬಾಟಲಿ, ವಾಪಸು ಬಂದ ಪೆಟ್ಟಿಗೆ ಎಲ್ಲ ಈ 37ರಿಂದಲೇ ಹೋಗಬೇಕು, ಹೋದ ಮೇಲೆ ಉಳಿದದ್ದು ನೆಟ್ಟು. ಕೊಬ್ಬರಿಗೆ ಕಟ್ಟಿದ ತೆರಿಗೆ ಹಿಂದೆ ಸಿಗುವ ಲೆಕ್ಕ ಬೇರೆ ಉಂಟು, ಅದನ್ನು ಟೀಚರು ಮುಟ್ಟಲಿಲ್ಲ, ಸಿಎ ಹತ್ತಿರ ಕೇಳಿ ಎಂದರು, ಸರಿಯೇ. ‘ಆನ್ ಎಂಆರ್‌ಪಿ’, ‘ಆನ್ ಬೇಸಿಕ್’ (ತೆರಿಗೆ ಸೇರದ ಕ್ರಯದ ಮೇಲೆ), ‘ಆನ್ ಲ್ಯಾಂಡಿಂಗ್’ (ಅಂಗಡಿಗೆ ಮುಟ್ಟಿದ ಕ್ರಯದ ಮೇಲೆ), ಒಂದೇ 25ಕ್ಕೆ ಮೂರು ಹಿಂಬಾಲ ಸೇರಿಸಿ ಮೂರು ಬೇರೆ ಮೊತ್ತ ಬರುವುದನ್ನು ನಮ್ಮಿಂದಲೇ ಮಾಡಿಸಿದರು.

ಕಾಸ್ಟಿನ ಪಾಠವೂ ಒಳ್ಳೆಯದೇ, ಆದರೆ ಹ್ಯಾಂಡ್‌ಔಟಿನಲ್ಲಿದ್ದ ಉದಾಹರಣೆ ಎಲ್ಲ ಆಫೀಸಿನದ್ದು: ಬಾಡಿಗೆ, ಸಂಬಳ, ಸ್ಟೇಷನರಿ. ಫಿಕ್ಸೆಡ್ ಕಾಸ್ಟು, ವೇರಿಯಬಲ್ ಕಾಸ್ಟು, ಓವರ್‌ಹೆಡ್ಡು, ಬ್ರೇಕ್ ಈವನ್ನು. ಅಷ್ಟರಲ್ಲಿ ಮುಗಿಯುತ್ತಿತ್ತು. ನಾನು ಹಿಂಡಿಯ ವಿಷಯ ಎತ್ತಿದೆ. ನೂರು ಕಿಲೋ ಕೊಬ್ಬರಿ ಹಾಕಿದರೆ ಎಣ್ಣೆ ಸಾಧಾರಣ 62 ಕಿಲೋ ಬರುತ್ತದೆ, ಒಣಗಿದ್ದು ಚೆನ್ನಾಗಿದ್ದರೆ ಇನ್ನೂ ಸ್ವಲ್ಪ ಮೇಲೆ. 34 ಕಿಲೋದಷ್ಟು ಹಿಂಡಿ ದನ ಸಾಕುವವರಿಗೆ ಹೋಗುತ್ತದೆ. ಅದರ ದುಡ್ಡನ್ನು ಸೇಲ್ಸ್ ಎನ್ನಬೇಕಾ, ಕಾಸ್ಟಿನಿಂದ ಕಳೆಯಬೇಕಾ? ಟೀಚರು ಹ್ಯಾಂಡ್‌ಔಟು ಮಡಚಿ ಇಟ್ಟು ಚಾಕ್‌ಪೀಸು ನನ್ನ ಕೈಗೇ ಕೊಟ್ಟರು.

ಸುಲಭವಾಗಲಿ ಎಂದು ಕೊಬ್ಬರಿ ಕಿಲೋಗೆ 200 ಹಿಡಿದೆ. 20,000. ಹಿಂಡಿ 30ರ ಹಾಗೆ 1,020. ಅದು ಬೈ-ಪ್ರಾಡಕ್ಟು, ಅದರ ಆದಾಯವನ್ನು ಅಸಲಿನಿಂದ ಕಳೆದು ತೋರಿಸುವುದು ರೂಢಿ ಎಂದರು ಅವರು. ಕಳೆದರೆ 18,980, ಅದನ್ನು 62ರಿಂದ ಭಾಗಿಸಿದರೆ ಎಣ್ಣೆ ಕಿಲೋಗೆ 306. ಅಲ್ಲಿಗೆ ಮುಗಿಯಲಿಲ್ಲ. ಬಾಟಲಿ ಲೀಟರಿನ ಲೆಕ್ಕದ್ದು. ತೆಂಗಿನೆಣ್ಣೆ ನೀರಿಗಿಂತ ಹಗುರ, ಲೀಟರಿಗೆ 915 ಗ್ರಾಮಿನಷ್ಟು ತೂಗುತ್ತದೆ. ಹಾಗಾದರೆ ಲೀಟರಿಗೆ 280. ಕೂಲಿ, ಕರೆಂಟು, ಬಾಟಲಿ, ಲೇಬಲ್ಲಿಗೆ 40 ಸೇರಿಸಿ, ಟೀಚರ ಆ 320 ಬಂತು. ಕಿಲೋಗೂ ಲೀಟರಿಗೂ ನಡುವೆ 26 ರೂಪಾಯಿ. ಕೊಟೇಶನ್ನಿನಲ್ಲಿ ‘ಪರ್ ಕೇಜಿ’ ಎಂದು ಕೇಳಿದವರಿಗೆ ‘ಪರ್ ಲೀಟರ್’ ಕ್ರಯ ಬರೆದುಕೊಟ್ಟರೆ ಇಡೀ ಲಾಭ ಅಲ್ಲೇ ಜಾರುತ್ತದೆ. ಯೂನಿಟ್ ಬರೆಯದ ರೇಟು ರೇಟೇ ಅಲ್ಲ ಎಂದು ಆ ದಿನ ಟೀಚರು ಕ್ಲಾಸಿಗೆ ಬರೆಸಿದರು. ಬಟ್ಟೆಯವರು ಮೀಟರ್, ಅಡಕೆಯವರು ಕ್ವಿಂಟಾಲು, ಚಿಪ್ಸಿನವರು ಗ್ರಾಮು, ಎಲ್ಲರೂ ತಮ್ಮ ತಮ್ಮದು ಬರೆದುಕೊಂಡರು.

ಇನ್ನೊಂದು ದಿನ ಪರ್ಸೆಂಟಿಗೂ ಪರ್ಸೆಂಟೇಜ್ ಪಾಯಿಂಟಿಗೂ ಇರುವ ವ್ಯತ್ಯಾಸ. ಪುಸ್ತಕದಲ್ಲಿ ಬಡ್ಡಿ ದರದ ಸಪ್ಪೆ ಉದಾಹರಣೆ ಇತ್ತು. ಕ್ಲಾಸಿನಲ್ಲಿ ಎದ್ದದ್ದು ತಲೆಗೆ ಹಚ್ಚುವ ಎಣ್ಣೆ. ನಾವು ಅಡುಗೆಗೆ ಮಾರುವ ತೆಂಗಿನೆಣ್ಣೆಗೆ ಜಿಎಸ್‌ಟಿ ಮೊದಲಿನಿಂದಲೂ 5. ಹೇರ್ ಆಯಿಲ್ ಎಂದು ಮಾರಿದರೆ 18 ಇತ್ತು. ಸಣ್ಣ ಬಾಟಲಿಯಲ್ಲಿ ತುಂಬಿಸಿದ ಮಾತ್ರಕ್ಕೆ ಅದು ತಲೆಗೆ ಹಚ್ಚುವ ಎಣ್ಣೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಡಿಸೆಂಬರಿನಲ್ಲಿ. ನಮ್ಮಂಥ ಮಿಲ್ಲಿನವರೆಲ್ಲ ಆ ದಿನ ಪೇಪರು ಹುಡುಕಿ ಓದಿದ್ದೇವೆ. ಆಮೇಲೆ 2025ರ ಸೆಪ್ಟೆಂಬರ್ 22ರಿಂದ ಹೇರ್ ಆಯಿಲೂ 18ರಿಂದ 5ಕ್ಕೆ ಬಂತು. ಈಗ ಹೇಳಿ, ಎಷ್ಟು ಇಳಿಯಿತು? ತೆರಿಗೆಯ ದರ 13 ಪರ್ಸೆಂಟೇಜ್ ಪಾಯಿಂಟ್ ಇಳಿಯಿತು. ಕಟ್ಟುವ ತೆರಿಗೆ 72 ಪರ್ಸೆಂಟ್ ಇಳಿಯಿತು. 118ಕ್ಕೆ ಸಿಗುತ್ತಿದ್ದದ್ದು 105 ಆಯಿತಲ್ಲ, ಗಿರಾಕಿ ಕೊಡುವ ಕ್ರಯ ಇಳಿದದ್ದು 11 ಪರ್ಸೆಂಟ್. ಮೂರೂ ಸತ್ಯವೇ. ಸಪ್ಲೈಯರು ‘13 ಪರ್ಸೆಂಟ್ ಕಮ್ಮಿ ಆಗಿದೆ’ ಎಂದು ವಾಟ್ಸ್‌ಆಪಿನಲ್ಲಿ ಹಾಕಿದರೆ ಅವರು ಇದರಲ್ಲಿ ಯಾವುದರ ಮಾತಾಡುತ್ತಿದ್ದಾರೆ ಎಂದು ಕೇಳುವ ವಾಕ್ಯವನ್ನೂ ಕಲಿಸಿದರು, ಜಗಳದ ಸ್ವರ ಬಾರದ ಹಾಗೆ.

‘ರೋಸ್ ಬೈ ಟೆನ್’, ‘ರೋಸ್ ಟು ಟೆನ್’ ಎಂಬ ಬೈ-ಟು ವ್ಯವಹಾರಕ್ಕೆ ಬಹಳ ಹೊತ್ತು ಹೋಯಿತು, ಹೋಗಬೇಕಾದ್ದೇ. ಕೊಬ್ಬರಿ ಹತ್ತು ಏರಿತು ಎಂಬುದಕ್ಕೂ ಹತ್ತಕ್ಕೆ ಏರಿತು ಎಂಬುದಕ್ಕೂ ನಮ್ಮಲ್ಲಿ ಯಾರೂ ಗಲಿಬಿಲಿ ಮಾಡಿಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಸಣ್ಣ ಅಕ್ಷರ ತಪ್ಪಿದರೆ ಇಮೇಲು ಓದಿದವನು ಬೇರೆಯೇ ಕ್ರಯ ಹಿಡಿದುಕೊಂಡು ಕೂರುತ್ತಾನೆ. ಕೊಟೇಶನ್ನು, ಪ್ರೊಫಾರ್ಮಾ, ಇನ್‌ವಾಯ್ಸು, ಕ್ರೆಡಿಟ್ ನೋಟು, ಡೆಬಿಟ್ ನೋಟು, ಇವೆಲ್ಲ ಬೇಗ ಮುಗಿದವು. ಗೊತ್ತಿದ್ದವರಿಗೆ ಬೋರು, ಗೊತ್ತಿಲ್ಲದವರಿಗೆ ಸಾಕಾಗಲಿಲ್ಲ.

ಹೊರದೇಶಕ್ಕೆ ಮಾಲು ಕಳಿಸುವ ಮಾತುಗಳಲ್ಲಿ ಮಾತ್ರ ಟೀಚರ ಶಾರ್ಜಾದ ಅನುಭವ ಎದ್ದು ಕಾಣುತ್ತದೆ. ಎಫ್‌ಒಬಿ ಎಂದ ಮೇಲೆ ಬಂದರಿನ ಹೆಸರು ಬರಲೇಬೇಕು, ‘ಎಫ್‌ಒಬಿ ಮಂಗಳೂರು’ ಎಂದರೆ ಅಲ್ಲಿ ಹಡಗಿಗೆ ಏರುವ ತನಕದ ಖರ್ಚು, ಹೊಣೆ ನಮ್ಮದು. ‘ಸಿಐಎಫ್ ಜಬಲ್ ಅಲಿ’ ಎಂದರೆ ಅಲ್ಲಿಯ ತನಕದ ಬಾಡಿಗೆ, ಇನ್ಶೂರೆನ್ಸು ನಮ್ಮ ಲೆಕ್ಕಕ್ಕೆ; ಆದರೆ ಮಾಲಿಗೆ ಅಪಾಯವಾದರೆ ಹೊಣೆ ನಮ್ಮ ಬಂದರಿನಲ್ಲಿ ಹಡಗು ಹತ್ತಿದ ಕೂಡಲೇ ಕೊಳ್ಳುವವನದ್ದು. ಖರ್ಚು ಒಂದು ಕಡೆ ನಿಂತು ಹೊಣೆ ಇನ್ನೊಂದು ಕಡೆ ನಿಲ್ಲುವುದನ್ನು ಅವರು ಎರಡು ಬಣ್ಣದ ಚಾಕಿನಲ್ಲಿ ಎರಡು ಗೆರೆ ಎಳೆದು ತೋರಿಸಿದ ರೀತಿ ನನಗೆ ಬಹಳ ಇಷ್ಟವಾಯಿತು. ಗಲ್ಫಿನಲ್ಲಿ ಸಂಬಂಧಿಕರ ಅಂಗಡಿ ಇರುವವರು ನಮ್ಮ ಬ್ಯಾಚಿನಲ್ಲಿ ಬೇಕಾದಷ್ಟು ಜನ ಇದ್ದರು, ಅವರೆಲ್ಲ ಆ ದಿನ ನೋಟ್ಸು ಬರೆದದ್ದೇ ಬರೆದದ್ದು.

ಆದರೆ ಹೊರದೇಶ ಎಂದರೆ ದುಬೈ, ಒಳದೇಶ ಎಂದರೆ ಉಳಿದದ್ದೆಲ್ಲ ಎಂದು ಹಿಡಿದುಕೊಂಡರೆ ಕಾಸರಗೋಡಿನವರ ಲೆಕ್ಕ ಕೂಡುವುದಿಲ್ಲ. ನಮಗೆ ಮಂಗಳೂರು ಐವತ್ತು ಕಿಲೋಮೀಟರು, ತಿರುವನಂತಪುರ ಐನೂರರ ಆಚೆ. ಮಾಲು ಸಹಜವಾಗಿ ಹರಿಯುವುದು ಬಡಗು ದಿಕ್ಕಿಗೆ. ತಲಪಾಡಿ ದಾಟಿದ ಕೂಡಲೇ ಅದು ಬೇರೆ ರಾಜ್ಯದ ಸೇಲ್ಸು. ಕೇರಳದ ಒಳಗೇ ಮಾಲು ಮಾರುವವರಿಗೆ ವರ್ಷದ ಟರ್ನೋವರು 40 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಬೇಡ; ತೆರಿಗೆ ಇರುವ ಮಾಲನ್ನು ಗಡಿ ದಾಟಿಸಿ ಮಾರುವವರಿಗೆ ಆ ರಿಯಾಯಿತಿ ಇಲ್ಲ, ನೋಂದಣಿ ಮೊದಲಿನಿಂದಲೇ ಬೇಕು. 1956ರ ನವೆಂಬರ್ 1ಕ್ಕೆ ಗೆರೆ ಎಳೆದವರು ಜಿಎಸ್‌ಟಿ ಕಂಡವರಲ್ಲ, ಅವರನ್ನು ಬೈದು ಪ್ರಯೋಜನ ಇಲ್ಲ. ಆದರೆ ಕಾಸರಗೋಡು ಪೇಟೆಯಲ್ಲಿ ಕೂತು ಸೇಲ್ಸಿನ ಇಂಗ್ಲಿಷು ಕಲಿಸುವ ಕೋರ್ಸಿನಲ್ಲಿ ಇಂಟರ್‌ಸ್ಟೇಟ್, ಐಜಿಎಸ್‌ಟಿ (ರಾಜ್ಯ ದಾಟಿದ ಮಾರಾಟದ ತೆರಿಗೆ), 50,000ಕ್ಕೆ ಮೇಲಿನ ಮಾಲಿಗೆ ಇ-ವೇ ಬಿಲ್ಲು (ಮಾಲು ಸಾಗಿಸಲಿಕ್ಕೆ ಬೇಕಾದ ಚೀಟಿ) ಎಂಬ ಮಾತುಗಳಿಗೆ ಒಂದು ಸಂಜೆ ಕೊಡಬೇಕಿತ್ತು. ಕೊಡಲಿಲ್ಲ. ಕೇಳಿದಾಗ ಸಿಲೆಬಸ್ಸಿನಲ್ಲಿ ಇಲ್ಲ ಎಂದರು. ಸಿಲೆಬಸ್ಸು ಎಲ್ಲಿಂದಲೋ ಬಂದದ್ದು ಎಂದು ಅಲ್ಲೇ ಗೊತ್ತಾಗುತ್ತದೆ.

ಕ್ರೆಡಿಟ್ಟಿನ ಪಾಠದಲ್ಲೂ ಹೀಗೇ ಆಯಿತು. ‘ಟು ಟೆನ್ ನೆಟ್ ಥರ್ಟಿ’ ಎಂಬ ಮಾತನ್ನು ಕಲಿಸಿದರು: ಹತ್ತು ದಿನದೊಳಗೆ ಕೊಟ್ಟರೆ 2 ಪರ್ಸೆಂಟ್ ಬಿಡುತ್ತೇವೆ, ಇಲ್ಲದಿದ್ದರೆ 30 ದಿನಕ್ಕೆ ಪೂರ್ತಿ. ಉಚ್ಚಾರ ಮಾಡಿಸಿದರು, ಇಮೇಲಿನಲ್ಲಿ ಬರೆಯಿಸಿದರು. ಬರೇ ಎರಡಲ್ಲವಾ ಎಂದು ಎಲ್ಲರಿಗೂ ಖುಷಿ. ಇಪ್ಪತ್ತು ದಿನ ಮೊದಲು ದುಡ್ಡು ಸಿಗಲಿಕ್ಕೆ 98ಕ್ಕೆ 2 ಬಿಡುವುದೆಂದರೆ ವರ್ಷದ ಲೆಕ್ಕದಲ್ಲಿ 37 ಪರ್ಸೆಂಟ್ ಬಡ್ಡಿ ಕೊಟ್ಟ ಹಾಗೆ. ನಮ್ಮ ಸೊಸೈಟಿಯಲ್ಲಿ ಸಾಲ ಇದರ ಅರ್ಧಕ್ಕೂ ಕಮ್ಮಿಗೆ ಸಿಗುತ್ತದೆ. ಮಾರ್ಕಪ್ಪಿನ ದಿನ ಅಷ್ಟು ಚೆನ್ನಾಗಿ ಲೆಕ್ಕ ಬಿಡಿಸಿದವರು ಇಲ್ಲಿ ಮಾತು ಕಲಿಸಿ ಲೆಕ್ಕ ಬಿಟ್ಟರು.

ಇನ್ನೂ ದೊಡ್ಡದು 45 ದಿನದ ವಿಷಯ. ಹ್ಯಾಂಡ್‌ಔಟಿನಲ್ಲಿ ‘ನೆಟ್ 60’, ‘ನೆಟ್ 90’ ಎಂದು ಸಲೀಸಾಗಿ ಬರೆದಿದ್ದರು, ಅದಕ್ಕೆ ಒಪ್ಪಿಕೊಳ್ಳುವ ವಿನಯದ ವಾಕ್ಯವೂ ಇತ್ತು. ನಮ್ಮ ದೇಶದಲ್ಲಿ ಉದ್ಯಮ್ ನೋಂದಣಿ ಇರುವ ಸಣ್ಣ ಉತ್ಪಾದಕರಿಗೆ 2006ರ ಎಂಎಸ್‌ಎಂಇ ಕಾಯ್ದೆಯ ರಕ್ಷಣೆ ಉಂಟು. ಕೊಂಡವರು ದುಡ್ಡು ಕೊಡಲಿಕ್ಕೆ ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ 45 ದಿನ ಮೀರುವ ಹಾಗಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳು ತಿಂಗಳು ಕೂಡಿಸಿ. ಅದರ ಮೇಲೆ 2024ರ ಏಪ್ರಿಲಿನಿಂದ ಆದಾಯ ತೆರಿಗೆಯ ಒಂದು ನಿಯಮವೂ ಸೇರಿಕೊಂಡಿದೆ: ಗಡುವಿನೊಳಗೂ ಕೊಡದೆ, ಆ ವರ್ಷ ಮುಗಿಯುವುದರೊಳಗೂ ದುಡ್ಡು ಕೊಡದಿದ್ದರೆ ಕೊಂಡವರಿಗೆ ಆ ವರ್ಷ ಆ ಖರ್ಚು ತೋರಿಸಲಿಕ್ಕೆ ಆಗುವುದಿಲ್ಲ. ದೊಡ್ಡ ಅಂಗಡಿಯ ಅಕೌಂಟ್ಸಿನವರು ಹೆದರುವುದು ಈ ಎರಡನೆಯದಕ್ಕೆ. ಮಾಲು ತಯಾರು ಮಾಡುವವರಿಗೆ ಈ ರಕ್ಷಣೆ, ಬರೇ ತಂದು ಮಾರುವವರಿಗೆ ಇಲ್ಲ. ಕುಂಬಳೆಯ ಬಟ್ಟೆಯವರಿಗೆ ಇಲ್ಲ, ನನಗೆ ಉಂಟು. ‘ನಮಗೆ 45ಕ್ಕಿಂತ ಹೆಚ್ಚು ಆಗುವುದಿಲ್ಲ, ನಿಮಗೂ ತೆರಿಗೆಯಲ್ಲಿ ತೊಂದರೆ’ ಎಂದು ನಯವಾಗಿ ಹೇಳುವ ಒಂದು ಇಂಗ್ಲಿಷ್ ವಾಕ್ಯ ಸಿಕ್ಕಿದ್ದರೆ ನನ್ನ 4,500 ಆ ಸಂಜೆಯೇ ವಸೂಲಾಗುತ್ತಿತ್ತು. ಸಿಗದ ಕಾರಣ ನಾನೇ ಬರೆದುಕೊಂಡು ಟೀಚರಿಗೆ ತೋರಿಸಿದೆ, ಎರಡು ಕಡೆ ತಿದ್ದಿ ಕೊಟ್ಟರು. ಈಗ ನನ್ನ ಪ್ರತಿ ಕೊಟೇಶನ್ನಿನ ಕೆಳಗೆ ಅದು ಉಂಟು.

ಎರಡನೇ ಅರ್ಧದಲ್ಲಿ ಬೇರೆಯೇ ಕೋರ್ಸು ಶುರುವಾದ ಹಾಗಿತ್ತು. ಪೈ ಚಾರ್ಟು ವರ್ಣಿಸುವುದು. ‘ಎರಡನೇ ಕ್ವಾರ್ಟರಿನಲ್ಲಿ ಮಾರಾಟ ಶಿಖರ ಮುಟ್ಟಿ ಆಮೇಲೆ ಸ್ಥಿರವಾಯಿತು’ ಎಂದು ಎದ್ದು ನಿಂತು ಪ್ರೆಸೆಂಟೇಶನ್ ಕೊಡುವುದು. ಬಾಲ್‌ಪಾರ್ಕ್ ಫಿಗರ್, ಕ್ಯಾಶ್ ಕೌ, ಲೋ-ಹ್ಯಾಂಗಿಂಗ್ ಫ್ರೂಟ್ ಎಂಬ ಕಂಪೆನಿಯವರ ನುಡಿಗಟ್ಟುಗಳು. ಬೆಂಗಳೂರಿನ ಪರ್ಚೇಸಿನವರ ಹತ್ತಿರ ನಾನು ಮಾತಾಡುವಾಗ ಇದರಲ್ಲಿ ಒಂದೂ ಈ ತನಕ ಕಿವಿಗೆ ಬಿದ್ದಿಲ್ಲ. ಆಡಿಯೋ ಪಾಠದಲ್ಲಿ ಲಂಡನ್ನಿನ ಇಬ್ಬರು ವೈನ್ ವ್ಯಾಪಾರ ಮಾತಾಡುತ್ತಾರೆ, ಮೇಲಿನ ಫ್ಯಾನಿನ ಸದ್ದಿಗೆ ಅವರ ಅರ್ಧ ಮಾತು ಹಾರಿಹೋಗುತ್ತದೆ. ಫೋನಿನಲ್ಲಿ ನಮಗೆ ಸಿಗುವುದು ಚೆನ್ನೈಯ ಇಂಗ್ಲಿಷು, ಕೊಚ್ಚಿಯ ಇಂಗ್ಲಿಷು, ಹಿಂದಿಯವರ ಇಂಗ್ಲಿಷು. ಅಂಥದ್ದು ನಾಲ್ಕು ಕೇಳಿಸಿದ್ದರೆ ಉಪಕಾರ ಆಗುತ್ತಿತ್ತು. ಲಕ್ಷ, ಕೋಟಿ ಎಂದು ಬಿಸ್ನೆಸ್ ಇಂಗ್ಲಿಷಿನಲ್ಲಿ ಬರೆಯಲೇಬಾರದು ಎಂದು ಹ್ಯಾಂಡ್‌ಔಟಿನಲ್ಲಿ ದಪ್ಪ ಅಕ್ಷರದಲ್ಲಿತ್ತು. ದುಬೈಗೆ ಬರೆಯುವಾಗ ಸರಿ, ಅಲ್ಲಿ 1,00,000 ಎಂದು ಕಾಮಾ ಹಾಕಿದರೆ ಟೈಪಿಂಗ್ ತಪ್ಪು ಎಂದುಕೊಂಡಾರು. ಬೆಂಗಳೂರಿನವರಿಗೆ ‘ಪಾಯಿಂಟ್ ಟೂ ಮಿಲಿಯನ್’ ಎಂದರೆ ಎರಡು ಲಕ್ಷ ಎಂದು ಅವರು ಬೆರಳು ಮಡಚಿ ಲೆಕ್ಕ ಹಾಕಬೇಕಷ್ಟೆ.

ನನ್ನ ಮುಖ್ಯ ತಕರಾರು ಇದಕ್ಕಿಂತ ಸ್ವಲ್ಪ ಆಳದ್ದು. ಇಡೀ ಸಿಲೆಬಸ್ಸು ಸಂಬಳಕ್ಕೆ ಕೆಲಸ ಮಾಡುವವನಿಗೆ ಹೊಲಿದದ್ದು. ಅವನು ಬಾಸಿಗೆ ವರದಿ ಒಪ್ಪಿಸಬೇಕು, ಅದಕ್ಕೆ ಚಾರ್ಟು, ಕ್ವಾರ್ಟರು. ನಾವು ಮಾಲಿನ ಯಜಮಾನರು, ನಮಗೆ ಬಾಸೇ ಇಲ್ಲ, ಇರುವುದು ಗಿರಾಕಿ ಮತ್ತು ಸೊಸೈಟಿಯ ಮ್ಯಾನೇಜರು. ಕಾಸ್ಟಿನ ಪಟ್ಟಿಯಲ್ಲಿ ವೇಜಸ್ ಎಂಬ ಸಾಲಿನಲ್ಲಿ ಕೆಲಸದವರ ಕೂಲಿ ಬಂತು. ಬೆಳಗ್ಗೆ ಕೊಬ್ಬರಿ ಹರವಿ, ಮಳೆ ಬಂದರೆ ಓಡಿ ಹೋಗಿ ಬಾಚಿ, ರಾತ್ರಿ ಲೇಬಲ್ ಅಂಟಿಸುವ ನನ್ನ, ನನ್ನ ಹೆಂಡತಿಯ ದಿನಗೂಲಿ ಯಾವ ಸಾಲಿನಲ್ಲಿ ಬರುತ್ತದೆ ಎಂದು ಕೇಳಿದೆ. ಟೀಚರು ಒಂದು ಕ್ಷಣ ನಿಂತು, ಅದು ಪ್ರಾಫಿಟ್ಟಿನಲ್ಲೇ ಸೇರಿದೆ ಎಂದರು. ಲೆಕ್ಕಪುಸ್ತಕದ ಪ್ರಕಾರ ಅವರ ಮಾತು ಸರಿ, ಸ್ವಂತ ವ್ಯಾಪಾರಸ್ಥ ತನಗೆ ತಾನೇ ಸಂಬಳ ಬರೆದುಕೊಳ್ಳುವ ಹಾಗಿಲ್ಲ. ಆದರೆ ಕ್ರಯ ನಿಶ್ಚಯ ಮಾಡುವಾಗ ಅದನ್ನು ಹೊರಗಿಟ್ಟರೆ ಲೀಟರಿಗೆ 37 ಉಳಿಯಿತು ಎಂದು ಕಾಣುವುದರಲ್ಲಿ ಇಬ್ಬರ ಕೂಲಿ ಹೋಗಿ ಎಷ್ಟು ಉಳಿದೀತು? ತಿಂಗಳಿಗೆ 1,000 ಲೀಟರು ಮಾರಿದರೆ 37,000. ಇಬ್ಬರಿಗೆ ದಿನಕ್ಕೆ 700ರ ಹಾಗೆ 25 ದಿನ ಹಿಡಿದರೆ 35,000 ಅದಕ್ಕೇ ಬೇಕು. ಲಾರಿ ಬಾಡಿಗೆಗೆ 2,000 ಉಳಿಯಿತು. ಇಂಪ್ಯೂಟೆಡ್ ಕಾಸ್ಟು (ಕೈಯಿಂದ ಕೊಡದಿದ್ದರೂ ಲೆಕ್ಕಕ್ಕೆ ಹಿಡಿಯುವ ಖರ್ಚು), ಆಪರ್ಚುನಿಟಿ ಕಾಸ್ಟು (ಬೇರೆ ಕಡೆ ದುಡಿದಿದ್ದರೆ ಸಿಗುತ್ತಿದ್ದದ್ದು) ಎಂಬ ಮಾತುಗಳಿವೆ ಎಂದು ಆಮೇಲೆ ಬೇರೆ ಕಡೆ ಓದಿ ತಿಳಿದೆ. ಈ ಮಾತುಗಳು ನಮಗೆ ಬೇಕಾದಷ್ಟು ಕಂಪೆನಿಯವರಿಗೆ ಬೇಡ, ಅವರದ್ದೆಲ್ಲ ಸಂಬಳದ ಪಟ್ಟಿಯಲ್ಲೇ ಇರುತ್ತದೆ. ನಮ್ಮ ಬ್ಯಾಚಿನಲ್ಲಿ ಮುಕ್ಕಾಲು ಜನ ಮನೆಯವರೇ ದುಡಿಯುವ ಅಂಗಡಿ, ಮಿಲ್ಲು, ಚಿಪ್ಸಿನ ಒಲೆ ಇಟ್ಟುಕೊಂಡವರು.

ಭಾಷೆಯ ದೂರು ಒಂದು ಉಂಟು, ಚಿಕ್ಕದಾಗಿ ಹೇಳಿ ಬಿಡುತ್ತೇನೆ. ಹ್ಯಾಂಡ್‌ಔಟಿನಲ್ಲಿ ಇಂಗ್ಲಿಷ್ ಪದದ ಎದುರು ಮಲಯಾಳ ಮಾತ್ರ. ಮಾತಾಡುವ ಮಲಯಾಳ ನಮಗೆ ನೀರು ಕುಡಿದ ಹಾಗೆ, ಓದಲಿಕ್ಕೆ ಕನ್ನಡ ಮೀಡಿಯಮ್ಮಿನ ಎಲ್ಲರಿಗೂ ಬಾರದು. ಬದಿಯಡ್ಕದ ಒಬ್ಬ ಹುಡುಗಿ ಹಪ್ಪಳದ ಯೂನಿಟ್ ನಡೆಸುವವಳು, ಪ್ರತಿ ಹಾಳೆಯನ್ನೂ ಪಕ್ಕದವರಿಂದ ಓದಿಸಿಕೊಂಡು ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡ ಬರೆದುಕೊಳ್ಳುತ್ತಿದ್ದಳು. ಕೊನೆಗೆ ನಾವು ಹತ್ತು ಹನ್ನೆರಡು ಜನ ಅವಳ ಹಾಳೆಯನ್ನೇ ಝೆರಾಕ್ಸ್ ಮಾಡಿಸಿಕೊಂಡೆವು. ಕಾಸರಗೋಡಿನಲ್ಲಿ ಕ್ಲಾಸು ಇಟ್ಟವರಿಗೆ ಇನ್ನೊಂದು ಕಾಲಮ್ಮು ಹಾಕುವುದು ಮಂಡೆ ಬಿಸಿಯ ಕೆಲಸ ಅಲ್ಲ. ಮತ್ತೆ, ಇನ್‌ವಾಯ್ಸಿನ ಪಾಠ ಮಾಡುವವರೇ ಫೀಸಿಗೆ ರಶೀದಿ ಕೊಡಲಿಲ್ಲ. ಕೇಳಿದರೆ ‘ವಾಟ್ಸ್‌ಆಪಿನಲ್ಲಿ ಮೆಸೇಜು ಹಾಕಿದ್ದೇವಲ್ಲ’ ಎಂದರು. ನೀವು ಸೇರುವುದಾದರೆ ಹಠ ಹಿಡಿದು ತೆಗೆದುಕೊಳ್ಳಿ. ಕೋಣೆ ಸೆಖೆ, ಕುರ್ಚಿ ಪರವಾಗಿಲ್ಲ, ಚಾ ಕೊಡುತ್ತಾರೆ. ಕ್ಲಾಸು ಏಳೂವರೆಗೆ ಬಿಡುವುದು, ಬೋವಿಕ್ಕಾನ, ಮುಳ್ಳೇರಿಯ, ಆದೂರು ಕಡೆಯವರು ಬಸ್ಸಿನ ಹೊತ್ತು ವಿಚಾರಿಸಿಕೊಂಡೇ ಸೇರಿ.

ಯಾರಿಗೆ ಆದೀತು? ದೊಡ್ಡ ಅಂಗಡಿಗೆ, ಬೇರೆ ಊರಿಗೆ, ಗಲ್ಫಿಗೆ ಮಾಲು ಕಳಿಸಬೇಕೆಂದಿರುವವರು ಧಾರಾಳ ಸೇರಬಹುದು, ಮಾರ್ಜಿನ್ನು, ಎಂಆರ್‌ಪಿ, ಎಫ್‌ಒಬಿಯ ಸಂಜೆಗಳನ್ನು ಏನೇ ಬಂದರೂ ತಪ್ಪಿಸಬೇಡಿ. ಕೆಲಸ ಹುಡುಕುವ ಡಿಗ್ರಿ ಮಕ್ಕಳಿಗೆ ಎರಡನೇ ಅರ್ಧವೂ ಉಪಯೋಗಕ್ಕೆ ಬಂದೀತು, ಇಂಟರ್‌ವ್ಯೂನಲ್ಲಿ ಪೈ ಚಾರ್ಟು ಕೇಳುತ್ತಾರಂತೆ. ಊರಿನ ಗಿರಾಕಿಗಳಲ್ಲೇ ತೃಪ್ತಿ ಇರುವವರಿಗೆ ಬೇಡ. ಪೂರ್ತಿ ಕೋರ್ಸಿಗೆ ಪುರುಸೊತ್ತು ಇಲ್ಲದವರಿಗೆ ಇನ್ನೊಂದು ದಾರಿ ಉಂಟು, ಬೋರ್ಡಿನಲ್ಲಿ ಬರೆದಿಲ್ಲ, ಕೇಳಬೇಕು: ಶನಿವಾರ ಮಧ್ಯಾಹ್ನ ಟೀಚರು ಗಂಟೆಗೆ 400 ತೆಗೆದುಕೊಂಡು ಒಬ್ಬೊಬ್ಬರ ಬಿಲ್ಲು, ಕೊಟೇಶನ್ನು, ಇಮೇಲು ಹಿಡಿದು ಕೂರುತ್ತಾರೆ. ನನಗೆ ಇಡೀ ಎರಡನೇ ಅರ್ಧಕ್ಕಿಂತ ಅದೇ ಲಾಯಿಕ್ಕಾಯಿತು. ಹೋಗುವಾಗ ಕಳೆದ ತಿಂಗಳ ಕರೆಂಟು ಬಿಲ್ಲು, ಬಾಟಲಿ ತಂದ ಬಿಲ್ಲು, ಬಾಡಿಗೆ ಕೊಟ್ಟ ಚೀಟಿ ಎಲ್ಲ ಹಿಡಿದುಕೊಂಡು ಹೋಗಿ, ಬಾಯಿಲೆಕ್ಕ ಹೇಳಿದರೆ ಅವರು ಪೆನ್ನೇ ತೆಗೆಯುವುದಿಲ್ಲ.